ಎರಡು ಅಂಗೈಗಳ ನಡುವೆ

ಕಾಂತಮ್ಮ ಮೈದುನನ ಹೊಟ್ಟೆಯ ಮೇಲಿಂದ ಎಣ್ಣೆ ಹಚ್ಚಿದ ಕೈಯನ್ನು ಥಟ್ಟನೆ ಹಿಂತೆಗೆದಳು.

"ಯಾಕತ್ತಿಗೆ? ಉಜ್ಜು, ತಡ್ಕೊಳಕ್ಕಾಗ್ತಿಲ್ಲ," ಎಂದ ಚಾಪೆಯ ಮೇಲಿದ್ದ ರೇವಣಸಿದ್ದಪ್ಪ.

ಹೊಕ್ಕುಳ ಬಳಿಯ ಮಿಡಿತ ಜಾಗ ಬಿಟ್ಟರೆ ಅವರ ಊರು ಕಣಕಟ್ಟೆಯಲ್ಲಿ ಬಟ್ಟಿ ಜಾರಿದೆ ಎನ್ನುತ್ತಾರೆ. ಅದನ್ನು ಉಜ್ಜಿ ಕೂರಿಸುವವಳು ಕಾಂತಮ್ಮ. ಇವನಿಗೂ ಎರಡು ಸಲ ಉಜ್ಜಿದ್ದಳು. ನೋವು ಬೆನ್ನಿಗೂ ಹಬ್ಬಿತ್ತೇ ಹೊರತು ಹೋಗಿರಲಿಲ್ಲ. ತಿಂಗಳಲ್ಲಿ ಮೈ ಇಳಿದು, ಈಗ ಮಿಡಿತ ಸ್ಪಷ್ಟವಾಗಿ ಕೈಗೆ ಸಿಗುತ್ತಿತ್ತು. ಹೊಕ್ಕುಳ ಆಚೆಗೊಂದು ಈಚೆಗೊಂದು ಅಂಗೈಯನ್ನು ಮೆಲ್ಲಗಿಟ್ಟಳು. ಬಟ್ಟಿಯ ಮಿಡಿತ ಬೆರಳನ್ನು ಮೇಲಕ್ಕೆ ತಟ್ಟುತ್ತದೆ. ಇದು ಎರಡು ಕೈಗಳನ್ನೂ ದೂರ ದೂರ ತಳ್ಳುತ್ತಿತ್ತು.

"ಏಳು, ಅರಸೀಕೆರೆಗೆ ಹೋಗಿ ಸ್ಕ್ಯಾನ್ ಮಾಡ್ಸಾನ."

"ಊರಿಗೆಲ್ಲ ನಿನ್ ಕೈ, ನಂಗ್ ಮಾತ್ರ ಸ್ಕ್ಯಾನಾ?"

"ಇದು ಬಟ್ಟಿ ಅಲ್ಲ ಕಣಪ್ಪ. ಇಷ್ಟು ದಿನ ನಂಗೇ ಗೊತ್ತಾಗ್ನಿಲ್ಲ."

ಸ್ಕ್ಯಾನ್ ನೋಡಿದವರು ಅಂದೇ ಬೆಂಗಳೂರಿಗೆ ಕಳಿಸಿದರು. ಅಲ್ಲಿ ಡಾಕ್ಟರ್ ಹೇಮಾಶ್ರೀ ಬಿಡಿಸಿ ಹೇಳಿದರು: "ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿದೆ. ಒಡೆದರೆ ಜೀವಕ್ಕೇ ಅಪಾಯ. ಅದರ ಗೋಡೆ ಉರಿಯೂತದಿಂದ ದಪ್ಪಗಾಗಿ ಕರುಳು ಅದಕ್ಕೆ ಅಂಟಿಕೊಂಡಿದೆ. ಕರುಳನ್ನ ಬಿಡಿಸೋಕೆ ಹೋಗಲ್ಲ. ಅದನ್ನ ಇದ್ದಹಾಗೇ ಬಿಟ್ಟು, ಪಕ್ಕದಲ್ಲಿ ನಾಳ ಸೀಳಿ, ಒಳಗೆ ಬಟ್ಟೆಯ ಕೊಳವೆ ಹೊಲೀತೀವಿ."

ಕೊಬ್ಬರಿ ಸುಲಿದೇ ತಲೆ ನರೆತಿದ್ದ ರೇವಣಸಿದ್ದಪ್ಪ ತಲೆಯಾಡಿಸಿದ. "ಚಿಪ್ಪಿಗೆ ಕಚ್ಚಿರೋ ಕೊಬ್ಬರೀನ ಕೀಳಕ್ಕೋದ್ರೆ ಹೋಳಾಗೋಯ್ತದೆ. ನಮ್ ಕಸುಬು ನಿಮ್ಗೂ ಗೊತ್ತೈತೆ ಬಿಡಿ ಮೇಡಂ."

ಡಾಕ್ಟರ್ ನಕ್ಕರು. "ಹೊಟ್ಟೆ ಯಾರಾದ್ರೂ ಉಜ್ಜಿದ್ರಾ?"

"ಇಲ್ಲ, ಯಾರೂ ಇಲ್ಲ," ಎಂದ, ಅತ್ತಿಗೆಯ ಕಡೆ ನೋಡದೆ.

"ನಾನು ಉಜ್ಜಿದೀನಿ," ಎಂದಳು ಕಾಂತಮ್ಮ. "ಎರಡು ಸಲ. ಒಡ್ದೋಗಿದ್ರೆ ನಾನೇ ಕೊಂದಂಗಾಗ್ತಿತ್ತು."

ಬರೆಯುತ್ತಿದ್ದ ಡಾಕ್ಟರ ಪೆನ್ನು ನಿಂತಿತು. "ಸ್ಕ್ಯಾನಿಗೆ ಕರ್ಕೊಂಡು ಬಂದೋರು ಯಾರು?"

"ಅದೂ ಅತ್ತಿಗೇನೇ," ಎಂದ ರೇವಣಸಿದ್ದಪ್ಪ.

ಆಪರೇಷನ್ ಐದು ಗಂಟೆ ಹಿಡಿಯಿತು. ಮೂರು ತಿಂಗಳಾದ ಮೇಲೆ ಊರಿನ ಜಗಲಿಯಲ್ಲಿ ಅವನು ಅಂಗಿ ಎತ್ತಿ, ಉದ್ದನೆಯ ಹೊಲಿಗೆ ಗುರುತಿನ ಎರಡು ಕಡೆಗೂ ಅತ್ತಿಗೆಯ ಕೈಗಳನ್ನು ಇಡಿಸಿಕೊಂಡ. "ಈಗ ನೋಡು."

ಮಿಡಿತವಿತ್ತು. ಕೈಗಳು ದೂರ ಸರಿಯಲಿಲ್ಲ.

ಅಷ್ಟರಲ್ಲಿ ಬೀದಿಯಿಂದ ಪಕ್ಕದ ಮನೆ ಸಣ್ಣತಾಯಮ್ಮನ ದನಿ: "ಕಾಂತಕ್ಕಾ, ಬಟ್ಟಿ ಜಾರೈತೆ, ಒಸಿ ಉಜ್ಜಿಕೊಡು!"

ಕಾಂತಮ್ಮ ಎದ್ದಳು. ಎಣ್ಣೆ ಬಟ್ಟಲನ್ನು ಗೋಡೆಯ ಗೂಡಿನಲ್ಲೇ ಬಿಟ್ಟು, ಸೆರಗಿನಿಂದ ಎರಡೂ ಅಂಗೈಗಳನ್ನು ಒರೆಸಿಕೊಂಡಳು. "ಬಾ, ಉಜ್ಜೋದು ಆಮೇಲೆ, ಮೊದ್ಲು ಕೈಯಿಟ್ಟು ನೋಡ್ತೀನಿ."