ನೆಲದಡಿಯ ಬೇಲಿ

“ನಾವು ಎಳೆಯುವುದು ಆಳದ ನೀರು. ಹಳ್ಳಿಯವರ ಬಾವಿಯ ನೀರೇ ಬೇರೆ. ಒಂದಕ್ಕೊಂದು ಸಂಬಂಧವೇ ಇಲ್ಲ.”

ವೈಭವ್ ಮೈಕಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದ ಈ ಮಾತನ್ನು ಹೆಲನ್ ತಮ್ಮ ಪಕ್ಕದಲ್ಲಿ ಕೂತಿದ್ದ ನಕಿರು ಅಜ್ಜಿಯ ಕಿವಿಗೆ ಸ್ವಾಹಿಲಿಯಲ್ಲಿ ದಾಟಿಸಬೇಕಿತ್ತು. ದಾಟಿಸಿದರು. ಅವನ ಸುಳ್ಳಿಗೆ ತನ್ನ ಬಾಯಿ ಎರವಲು ಕೊಡಬೇಕಾಯಿತಲ್ಲ ಎಂದು ಅವರಿಗೆ ಮೈಯೆಲ್ಲ ಉರಿಯಿತು.

ವೈಭವ್‌ನ ಕಂಪನಿ ನೈರೋಬಿಯಿಂದ ಬಹುದೂರ, ಉತ್ತರದ ಒಣನಾಡಿನಲ್ಲಿ ಎಣ್ಣೆ ತೆಗೆಯಲು ಹೊರಟಿತ್ತು. ನೀರಿಗೆ ಮರಳು, ರಾಸಾಯನಿಕ ಬೆರೆಸಿ, ನೆಲದಾಳದ ಬಂಡೆಗೆ ನುಗ್ಗಿಸಿ ಸೀಳುವ ಫ್ರ್ಯಾಕಿಂಗ್ ಕೆಲಸ. ಅದಕ್ಕೆ ಬೇಕಾದ ನೀರನ್ನು ನಕಿರು ಅಜ್ಜಿಯ ಹಳ್ಳಿಯ ಅಡಿಯಿಂದಲೇ ಎಳೆಯಲು ಅನುಮತಿ ಕೇಳಿತ್ತು. ಆ ಹಳ್ಳಿಗೆ ಇರುವುದು ಒಣಹೊಳೆಯ ಮರಳಿನಲ್ಲಿ ಕೈಯಿಂದ ತೋಡಿದ ಬಾವಿಗಳು ಮಾತ್ರ. ಮಕ್ಕಳಿಗೂ ಅದೇ, ಆಡು ಒಂಟೆಗಳಿಗೂ ಅದೇ. ಅದು ಬತ್ತಿದರೆ ಊರು ಎದ್ದು ಹೋಗಬೇಕು. ಇಂಥ ಊರಿನವರ ಅಹವಾಲು ಕೇಳುವ ಸಭೆ ನಡೆದದ್ದೆಲ್ಲಿ? ಅವರ ಮರದ ನೆರಳಿನಲ್ಲಲ್ಲ, ನೈರೋಬಿ ನಗರದ ನಟ್ಟನಡುವಿನ ಹೋಟೆಲಿನ ಎಸಿ ಹಾಲಿನಲ್ಲಿ! ಅದಕ್ಕೆ ಸಾರ್ವಜನಿಕ ಸಭೆ ಎಂಬ ಹೆಸರು ಬೇರೆ ಕೇಡು. ಅಷ್ಟು ದೂರದಿಂದ ಯಾರು ಬಂದಾರು ಎಂಬುದೇ ಕಂಪನಿಯ ಧೈರ್ಯ. ನಕಿರು ಅಜ್ಜಿ ಬಸ್ಸು ಬದಲಿಸಿ ಬದಲಿಸಿ ಬಂದೇ ಬಿಟ್ಟಿದ್ದರು. ಯೂನಿವರ್ಸಿಟಿಯಲ್ಲಿ ಭೂವಿಜ್ಞಾನ ಕಲಿಸುವ ಹೆಲನ್‌ಗೆ ಅಜ್ಜಿ ಹೊಸಬರಲ್ಲ. ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗಲೆಲ್ಲ ಅಜ್ಜಿಯ ಗುಡಿಸಲಲ್ಲೇ ಮಲಗಿ, ಆ ಬಾವಿಯ ನೀರನ್ನೇ ಕುಡಿದವರು ಅವರು.

ವೈಭವ್ ಕೂಡ ಹೊಸಬನಲ್ಲ, ಅದೇ ಸಂಕಟ. ಬೆಂಗಳೂರಿನಿಂದ ಪೋಸ್ಟಿಂಗ್ ಮೇಲೆ ಬಂದ ಅವನು ಹೆಲನ್ ಇರುವ ಅಪಾರ್ಟ್‌ಮೆಂಟಿನಲ್ಲೇ ಮೇಲಿನ ಮಹಡಿಯವನು. ಅವನ ಹೆಂಡತಿ ಅನಘಾಗೆ ಜ್ವರ ಬಂದಾಗ ಗಂಜಿ, ಚಟ್ನಿ ಕೊಟ್ಟು ಕಳಿಸಿದವರು ಮಂಗಳೂರು ಮೂಲದ ಈ ಹೆಲನ್ ಆಂಟಿಯೇ. ಕಳೆದ ಭಾನುವಾರವಷ್ಟೇ ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ವೈಭವ್ ಮೇಜು ಗುದ್ದಿದ್ದ. ಪಕ್ಕದ ಕಾರ್ ವಾಶ್‌ನವನು ಆಳದ ಬೋರ್‌ವೆಲ್ ಕೊರೆಸುತ್ತಾನಂತೆ! ಲಿಫ್ಟ್ ಹತ್ತಿದ ಮೇಲೂ ಅವನ ಸಿಟ್ಟು ಇಳಿದಿರಲಿಲ್ಲ.

“ಅವ್ನ ಜಾಗ, ಅವ್ನು ಕೊರೀತಾನೆ ಅಂತಾರಲ್ಲ ಆಂಟಿ, ನೆಲದ ಕೆಳಗೆ ಬೇಲಿ ಇರುತ್ತಾ? ಅವ್ನು ಆಳದಿಂದ ಎಳೆದ್ರೆ ನಮ್ದು ಬತ್ತಲ್ವಾ? ನೀರೇನು ಅವ್ರಪ್ಪನ ಮನೆ ಆಸ್ತೀನಾ?”

“ಭೇಷ್ ವೈಭವ್,” ಎಂದು ಹೆಲನ್ ಅವನ ಬೆನ್ನು ತಟ್ಟಿದ್ದರು. ಹುಡುಗನಿಗೆ ತಿಳಿವಳಿಕೆ ಇದೆ ಎಂದು ನಿಜವಾಗಿಯೂ ಸಂತೋಷಪಟ್ಟಿದ್ದರು.

ಈಗ ಅದೇ ಹುಡುಗ ಟೈ ಕಟ್ಟಿಕೊಂಡು, ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಾಜೂಕಾಗಿ, ಒಂದು ಊರಿನ ಬಾಯಾರಿಕೆಗೆ ಸಂಬಂಧವಿಲ್ಲ ಎನ್ನುತ್ತಿದ್ದ. ಸಭೆ ನಡೆಸುತ್ತಿದ್ದ ಸರ್ಕಾರಿ ಅಧಿಕಾರಿ “ಪ್ರಶ್ನೆಗಳಿದ್ದರೆ ಕೇಳಿ” ಎಂದದ್ದೇ ತಡ, ಹೆಲನ್ ಎದ್ದು ನಿಂತರು.

“ಒಬ್ಬ ಆಳದಿಂದ ನೀರೆಳೆದರೆ ಪಕ್ಕದವರ ನೀರು ಬತ್ತುತ್ತದೆಯೇ?” ಎಂದು ಇಂಗ್ಲಿಷಿನಲ್ಲೇ ಕೇಳಿದರು.

“ಅದು ಆಯಾ ಜಾಗವನ್ನು ಅವಲಂಬಿಸಿದೆ, ಮೇಡಂ.”

“ಹಾಗಾದರೆ ನಮ್ಮ ಅಪಾರ್ಟ್‌ಮೆಂಟಿನ ಜಾಗ ತೆಗೆದುಕೊಳ್ಳಿ. ಪಕ್ಕದಲ್ಲೊಂದು ಕಾರ್ ವಾಶ್ ಇದೆ ಎಂದುಕೊಳ್ಳಿ.”

ವೈಭವ್‌ನ ಮುಖದ ಬಣ್ಣವೇ ಬದಲಾಯಿತು. ನಾಲ್ಕು ಜನರ ನಡುವೆ ಗುಟ್ಟು ಹೇಳಬೇಕಾದರೆ ಕನ್ನಡಕ್ಕೆ ಜಾರಿಕೊಳ್ಳುವುದು ಪರದೇಶದ ಕನ್ನಡಿಗರ ಹಳೇ ಚಾಳಿ. ಮಟಾಟು ವ್ಯಾನಿನಲ್ಲಿ, ಅಂಗಡಿಯಲ್ಲಿ ಅದು ನಡೆಯುತ್ತದೆ. ಅದೇ ಅಭ್ಯಾಸಬಲದಿಂದ ಅವನು, ಮುಂದಿದ್ದ ಮೈಕನ್ನೂ ಮರೆತು, ಹಲ್ಲು ಕಚ್ಚಿ ಹೇಳಿದ:

“ಆಂಟಿ, ಪ್ಲೀಸ್! ಮನೆ ವಿಷ್ಯ ಇಲ್ಲಿಗ್ಯಾಕೆ ತರ್ತೀರಾ? ಅದು ಬೇರೆ, ಇದು ಬೇರೆ.”

“ಹೇಗೆ ಬೇರೆ? ಹೇಳು ನೋಡುವ.”

“ಅಯ್ಯೋ, ಅದು ನಮ್ಮ ನೀರು ಆಂಟಿ!”

ಮಾತು ಮೈಕಿನಲ್ಲಿ ಹಾಲಿನ ಕೊನೆಯವರೆಗೂ ಹೋಯಿತು. ಸಭೆ ಏನೂ ತಿಳಿಯದೆ ತಿರುಗಿ ನೋಡಿತು. ಅಧಿಕಾರಿ ಪೆನ್ನು ಕೆಳಗಿಟ್ಟು, “ಏನು ಹೇಳಿದಿರಿ?” ಎಂದರು.

“ಏನಿಲ್ಲ ಸರ್, ಪರ್ಸನಲ್,” ಎಂದು ವೈಭವ್ ನಗಲು ನೋಡಿದ.

ನಕಿರು ಅಜ್ಜಿ ಹೆಲನ್‌ರ ತೋಳು ಜಗ್ಗಿದರು. “ಆ ಹುಡುಗ ಏನಂದ?”

ವೈಭವ್ ಕಣ್ಣಿನಲ್ಲೇ ಬೇಡಿಕೊಂಡ. ಹೆಲನ್‌ಗೆ ಒಂದು ಕ್ಷಣ ಅನಘಾಳ ಮುಖ ನೆನಪಾಯಿತು. ಮರುಕ್ಷಣ ಮರಳಿನ ಬಾವಿಯೊಳಗೆ ಇಳಿದು ನಿಂತು ನೀರು ಮೊಗೆದುಕೊಡುವ ಅಜ್ಜಿಯ ಸೊಸೆಯಂದಿರು ನೆನಪಾದರು. ಇಡೀ ಹಾಲಿಗೆ ಕೇಳುವಂತೆ ಅವರು ಸ್ವಾಹಿಲಿಯಲ್ಲಿ ಹೇಳಿದರು: “ನಮ್ಮ ಮನೆ ಪಕ್ಕದ ಕಾರ್ ವಾಶ್‌ನವನು ಮುಟ್ಟಬಾರದು, ಅದು ನಮ್ಮ ನೀರು ಅಂತ ಹೇಳ್ತಿದ್ದಾನೆ, ಅಜ್ಜಿ.”

ನಕಿರು ಅಜ್ಜಿ ಕೋಲೂರಿ ನಿಧಾನವಾಗಿ ಎದ್ದರು. ವೈಭವ್‌ನನ್ನು ನೋಡಿ, ಮೆಚ್ಚಿಕೊಂಡವರಂತೆ ತಲೆದೂಗಿದರು.

“ಸರಿಯಾಗೇ ಹೇಳ್ದ. ನಾನೂ ಇಷ್ಟು ದೂರ ಬಂದಿದ್ದು ಅದನ್ನೇ ಹೇಳೋಕೆ.”