ಹುರುಳಿ ಹೊಲದ ಗೌಜಲಹಕ್ಕಿ

ಹನೂರಿನ ದಾರಿಯಲ್ಲಿ ಗಾಡಿಗಳು ತುಳಿಯಲೆಂದು ಹರಡಿದ ಹುರುಳಿಗಿಡದ ಒಣ ವಾಸನೆ ಬಂದರೆ ಇವತ್ತಿಗೂ ನಾನು ಬಸ್ಸಿನ ಕಿಟಕಿ ಮುಚ್ಚುತ್ತೇನೆ.

ನನಗಾಗ ಎಂಟು ವರ್ಷ. ಕಾಮಗೆರೆ ಹತ್ತಿರದ ಹೊಲದಲ್ಲಿ ಅಜ್ಜಿ ಹುರುಳಿ ಕೀಳುವಾಗ ಒಂದು ಮೂಲೆಯಲ್ಲಿ ಗೌಜಲಹಕ್ಕಿಯೊಂದು ಮೊಟ್ಟೆಗಳ ಮೇಲೆ ಕದಲದೆ ಕೂತಿತ್ತು. ಅಜ್ಜಿ ಅದರ ಸುತ್ತ ಒಂದು ಮಾರಿನಷ್ಟು ಗಿಡ ಕೀಳದೆ ಬಿಟ್ಟಳು. "ಮರಿ ಆಗೋಗಂಟ ಯಾರ್ಗೂ ಏಳ್ಬ್ಯಾಡ ಕಣಮ್ಮಿ" ಎಂದಳು. ದಿನವೂ ಹೋಗಿ ಬಗ್ಗಿ ನೋಡುತ್ತಿದ್ದೆ. ಬರಬರುತ್ತಾ ಅದು ನನಗೆ ಹೆದರುವುದನ್ನೇ ಬಿಟ್ಟಿತು.

ಒಂದು ಭಾನುವಾರ ಅಜ್ಜಿಯ ಮಗ, ನನ್ನ ಮಾವ, ಕೊಳ್ಳೇಗಾಲದಿಂದ ಹೊಸ ಬೈಕಿನಲ್ಲಿ ಬಂದ. ಉಂಡು ಅಜ್ಜಿ ಮಲಗಿದ ಮೇಲೆ, ಒಂದು ರೌಂಡು ಕರೆದುಕೊಂಡು ಹೋಗು ಎಂದು ಗೋಗರೆದೆ.

"ಒಲ್ದಲ್ಲಿ ಗೌಜಲು ಕೂಗ್ತಾವಲ್ಲ, ಎಲ್ಲವೆ ತೋರ್ಸು, ಕೂರಿಸ್ಕತೀನಿ" ಅಂದ.

ತೋರಿಸಿದೆ. ನಾನು ಮುಂದೆ ಹೋದದ್ದರಿಂದ ಅದು ಹಾರಲಿಲ್ಲ. ಮಾವ ಹಿಂದಿನಿಂದ ಟವೆಲ್ ಹಾಕಿ ಹಿಡಿದ, ಚೀಲಕ್ಕೆ ತುಂಬಿ ಹ್ಯಾಂಡಲಿಗೆ ನೇತುಹಾಕಿದ. ಮೊಟ್ಟೆಗಳನ್ನೂ ಬಿಡಲಿಲ್ಲ. ಟ್ಯಾಂಕಿನ ಮೇಲೆ ಕೂತ ನನ್ನ ಮೊಣಕಾಲಿಗೆ ದಾರಿಯುದ್ದಕ್ಕೂ ಆ ಚೀಲ ಒದ್ದಾಡುತ್ತಾ ತಾಗುತ್ತಿತ್ತು. ನಾನು ಕಾಲು ಸರಿಸಿ ಕೂತು, ಇನ್ನೊಂದು ರೌಂಡು ಕೇಳಿದೆ.

ಸಂಜೆ, ಮಾವ ಹೊರಟುಹೋದ ಮೇಲೆ, ಅಜ್ಜಿ ಬರಿಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು.

"ಸುತ್ತ ಎಲ್ಲ ಕಿತ್ತು ನಾನೇ ಎದ್ದು ಕಾಣಂಗೆ ಮಾಡ್ಬುಟ್ಟೆ. ಮುಂಗ್ಸಿ ಕಣ್ಗೆ ಬಿದ್ದದೆ. ಅಲ್ವಾ ಕೂಸು?"

ಹೂಂ ಅಂದೆ.

ಮುಂದಿನ ವರ್ಷ ಅಜ್ಜಿ ಆ ಮೂಲೆಯಲ್ಲಿ ಒಂದು ಗಿಡವನ್ನೂ ಕೀಳಲಿಲ್ಲ.