ನಾಗನಾಥನ ಶ್ರದ್ಧಾಂಜಲಿ ಬ್ಯಾನರ್

ಹುಮನಾಬಾದ ಬಸ್ ನಿಲ್ದಾಣದೆದುರು ಬೆಳಗಾಗುವಷ್ಟರಲ್ಲಿ ಚಹಾದಂಗಡಿ ನಾಗನಾಥನ ಭಾವಪೂರ್ಣ ಶ್ರದ್ಧಾಂಜಲಿ ಬ್ಯಾನರ್ ನೇತಾಡುತ್ತಿತ್ತು. ನಾಗನಾಥ ಅದರ ಕೆಳಗೇ ನಿಂತು ಚಹಾ ಕುದಿಸುತ್ತಿದ್ದ. ಬ್ಯಾನರ್ ಕಟ್ಟಿದ್ದ ಉತ್ತಮ ಎದುರಿನ ತನ್ನ ಫ್ಲೆಕ್ಸ್ ಅಂಗಡಿಯ ಬಾಗಿಲಲ್ಲಿ ನಿಂತು, ಈಗ ಜಗಳ ಎದ್ದೀತು, ಆಗ ಎದ್ದೀತು ಎಂದು ಕಾಯುತ್ತಿದ್ದ.

ಬ್ಯಾನರಿನ ಚಿತ್ರ ಮಾತ್ರ ಉತ್ತಮನದಲ್ಲ. ಬಸವಕಲ್ಯಾಣದ ಸಂಘಪಾಲ ವಾರವಾರ ಮೊಬೈಲಿಗೆ ಬಿಡುತ್ತಿದ್ದ ಮಾಂಗಾದ್ದು. ಜಪಾನಿ ಧಾಟಿಯ, ತಟ್ಟೆಗಣ್ಣಿನ ಜನರ, ದೊಡ್ಡವರು ಮಾತ್ರ ಓದಬೇಕಾದ ಚಿತ್ರಕಥೆ. ಅದರ ನಾಯಕ ಫ್ಲೆಕ್ಸ್ ಅಂಗಡಿಯ ಆಳು. ತನ್ನನ್ನು ನೋಯಿಸಿದವರನ್ನು ಒಬ್ಬೊಬ್ಬರಾಗಿ ಮುಗಿಸುತ್ತಾನೆ. ಮರುದಿನ ತಾನೇ ಅವರ ಶ್ರದ್ಧಾಂಜಲಿ ಬ್ಯಾನರ್ ಮಾಡಿ, ಕೆಳಸಾಲಿನ ‘ಶೋಕತಪ್ತರು’ ಫೋಟೋಗಳಲ್ಲಿ ತನ್ನದನ್ನೂ ಸೇರಿಸುತ್ತಾನೆ. ಅವನು ಒಳ್ಳೆಯವನೋ ಕೆಟ್ಟವನೋ ಎಂದು ಮುಡಬಿಯ ಶೇರ್ ಆಟೋಗಳಲ್ಲೂ ವಾದ ನಡೆಯುತ್ತಿತ್ತು. ಈ ವಾರ ಸತ್ತವನಿಗೆ ನಾಗನಾಥನದೇ ಮೀಸೆ, ನಾಗನಾಥನದೇ ಟವೆಲು. ಹಳೇ ಪುಡಿಯನ್ನೇ ಮತ್ತೆ ಮತ್ತೆ ಕುದಿಸಿ ಕೊಟ್ಟ ತಪ್ಪಿಗೆ ನಾಯಕ ಅವನಿಗೆ ಅದೇ ಚಹಾವನ್ನು ಕೊಡಗಟ್ಟಲೆ ಕುಡಿಸಿ ಕೊಂದಿದ್ದ.

ಉತ್ತಮನಿಗೆ ಸಂಘಪಾಲನ ಮೇಲೆ ಹೊಟ್ಟೆಕಿಚ್ಚು, ಉಂಡ ಅನ್ನ ಮೈಗೆ ಹತ್ತದಷ್ಟು. ಇಬ್ಬರೂ ಇದೇ ಫ್ಲೆಕ್ಸ್ ಅಂಗಡಿಯಲ್ಲಿ ಜೊತೆಗೆ ದುಡಿದವರು. ಸಂಘಪಾಲ ಕಾರ್ಟೂನು ಗೀಚುತ್ತ ಕೆಲಸ ಕೆಡಿಸುತ್ತಾನೆಂದು ಮಾಲೀಕನ ಕಿವಿ ಊದಿ, ಅವನನ್ನು ಬಿಡಿಸಿದವನು ಉತ್ತಮನೇ. ಅಂಗಡಿ ಇವನಿಗೆ ದಕ್ಕಿತು, ಹೆಸರು ಅವನಿಗೆ ಬಂತು. ಅದಕ್ಕೇ ಈ ಬ್ಯಾನರ್, ಮೂಲೆಯಲ್ಲಿ ಸಂಘಪಾಲನ ಸಹಿ ಎದ್ದು ಕಾಣುವಂತೆ. ನಾಗನಾಥ ರೇಗಿ ಬಸವಕಲ್ಯಾಣಕ್ಕೆ ಹೋಗಿ ಅವನ ಕೈ ಮುರಿಯಲಿ, ಆ ಚಿತ್ರ ಬರೆಯುವ ಕೈ.

ಬ್ಯಾನರ್ ನಿಜವೆಂದು ನಂಬಿ ರಾಜೇಶ್ವರ ಊರಿನ ಬೀಗರೊಬ್ಬರು ಹಾರ ಹಿಡಿದು ಅಳುತ್ತ ಬಂದರು. ನಾಗನಾಥ ಅವರಿಗೆ ಚಹಾ ಕುಡಿಸಿ, ಹಾರವನ್ನು ಕೊರಳಿಗೆ ಹಾಕಿಕೊಂಡೇ ರಸ್ತೆ ದಾಟಿದ.

“ಉತ್ತಮ, ಇದು ನಿನ್ನ ಮಷೀನಿಂದ ಹೌದಿಲ್ಲೋ?”

“ನಾ ಏನ್ ಮಾಡ್ಲಿ ಕಾಕಾ? ಚಿತ್ರ ಸಂಘಪಾಲಂದು, ಸಹಿ ನೋಡ್ರಿ. ನಿಮ್ಮ ಇಜ್ಜತ್ ತೆಗದಾನ.”

“ಹುಚ್ಚಪ್ಯಾಲಿ! ಮುಂಜಾನಿಂದ ಗಿರಾಕಿ ತಡಕೊಳ್ಳಾಕ ಆಗವಲ್ದು. ಸೆಲ್ಫಿ ಹೊಡಕೊಳ್ಳಾಕತ್ತಾರ. ಇಷ್ಟು ವರ್ಷ ನನ್ನ ಫೋಟೋ ಯಾರರ ಹಾಕಿದ್ರೇನು? ಇನ್ನೊಂದು ಹೊಡಿ, ಇದಕ್ಕಿಂತ ದೊಡ್ಡದು.” ಎರಡು ಹೆಜ್ಜೆ ಹೋದವನು ತಿರುಗಿದ. “ಅಲ್ಲೋ, ಸಂಘಪಾಲನ ಕೆಲಸ ಕಳದಾಂವ ನೀನಽ. ನಿನ್ನ ಇನ್ನೂ ಯಾಕ ಕೊಂದಿಲ್ಲ ಅಂವ?”

ಮಾತು ನಾಟಿತು. ಮಾಂಗಾದಲ್ಲಿ ಹಾಲಿನವನು ಸತ್ತಿದ್ದ, ಕಂಡಕ್ಟರ್ ಸತ್ತಿದ್ದ, ಈಗ ಈ ನೀರುಚಹಾದವನೂ ಸತ್ತು ಮೆರೆಯುತ್ತಿದ್ದ. ಎಲ್ಲರಿಗಿಂತ ದೊಡ್ಡ ಅನ್ಯಾಯ ಮಾಡಿದ ತಾನು ಮಾತ್ರ ಲೆಕ್ಕಕ್ಕಿಲ್ಲ. ಉತ್ತಮ ನಾಚಿಕೆ ಬಿಟ್ಟು ಫೋನ್ ಹಚ್ಚಿದ.

“ಸಂಘಪಾಲ, ನನ್ನ ಯಾವಾಗ ಕೊಲ್ತಿ?”

ಅತ್ತ ಸಂಘಪಾಲ ನಕ್ಕ. “ಮುಂದಿನ ವಾರ ನೋಡಪಾ. ನಿಂದಽ ಬರಿಯಾಕತ್ತೇನಿ.”

ಉತ್ತಮ ಕಟಿಂಗ್ ಮಾಡಿಸಿಕೊಂಡ. ಚಿತ್ರ ಬರೆಯುವವನಿಗೆ ಅನುಕೂಲವಾಗಲೆಂದು ಹೊಸ ಅಂಗಿಯ ಫೋಟೋ ಸ್ಟೇಟಸ್‌ಗೆ ಹಾಕಿದ. ತನ್ನ ಬ್ಯಾನರಿಗೆಂದು ನಾಗನಾಥನದಕ್ಕಿಂತ ಅಗಲವಾದ ಫ್ಲೆಕ್ಸ್ ಸಹ ಎತ್ತಿಟ್ಟ.

ಮುಂದಿನ ವಾರ ಮಾಂಗಾ ಬಂತು. ಅದೇ ಅಂಗಡಿ, ಅದೇ ಕಟಿಂಗ್, ಅದೇ ಹೊಸ ಅಂಗಿ. ಚಿತ್ರದ ಉತ್ತಮ ಹೊಟ್ಟೆಕಿಚ್ಚಿಗೆ ತುಟಿ ಕಚ್ಚಿಕೊಂಡು ಮೊಬೈಲಿನಲ್ಲಿ ಇದೇ ಮಾಂಗಾ ಓದುತ್ತಿದ್ದಾನೆ. ನಾಯಕ ಚೂರಿ ಹಿಡಿದು ಬೆನ್ನ ಹಿಂದೆ ಬಂದು ನಿಲ್ಲುತ್ತಾನೆ, ಬಗ್ಗಿ ಆ ಮುಖವನ್ನು ನೋಡುತ್ತಾನೆ. ಕೊನೆಯ ಚಿತ್ರದಲ್ಲಿ ಚೂರಿ ಮಡಚಿ ಕಿಸೆಗಿಟ್ಟು ಹೊರಟಿದ್ದಾನೆ. ಅವನ ತಲೆಯ ಮೇಲಿನ ಗುಳ್ಳೆಯಲ್ಲಿ ಬರೆದಿತ್ತು:

“ಇವನ್ನ ನಾ ಯಾಕ ಕೊಲ್ಲಲಿ? ವಾರಾ ವಾರಾ ಓದಾಕತ್ತಾನಲ್ಲ.”